ಶಿವಮೊಗ್ಗ, ಮಲೆನಾಡಲ್ಲಿ ಮನೆ ತಗೊಳ್ಳೋರು ಮಾರೋರು ಕೇಳೋ ಕಾನೂನು ಪ್ರಶ್ನೆಗಳು: ಕಾಗದಪತ್ರ ಒಂದೊಂದಾಗಿ ನೋಡೋದು ಹೇಗೆ

ನಮ್ ಕಡೆ ಮನೆ ವ್ಯಾಪಾರ ಅಂದ್ರೆ ಮೊದಲ ಮಾತೇ ರೇಟು. ಗೋಪಾಳದಲ್ಲಿ ಎಷ್ಟು ನಡೀತಿದೆ, ಸೋಗಾನೆ ಏರ್‌ಪೋರ್ಟ್ ಬಂದ್ಮೇಲೆ ಆ ಕಡೆ ಎಷ್ಟಾಗಿದೆ, ತೀರ್ಥಹಳ್ಳಿ ಪೇಟೆ ಹತ್ರ ಎಷ್ಟು, ಇದೇ ಚರ್ಚೆ ಅರ್ಧ ದಿನ. ರೇಟು ಕುದುರಿದ್ಮೇಲೆ ಟೋಕನ್ ಅಡ್ವಾನ್ಸ್ ಕೊಟ್ಟು, ಆಮೇಲೆ ಒಂದು ಜೆರಾಕ್ಸ್ ಕಟ್ಟು ಹಿಡ್ಕೊಂಡು ವಕೀಲರ ಹತ್ರ ಹೋಗೋದು. ಇದು ಪೂರ್ತಿ ಉಲ್ಟಾ ಮಾರಾಯ್ರೆ. ಮೊದಲು ಕೇಳ್ಬೇಕಾಗಿದ್ದು ಒಂದೇ ಪ್ರಶ್ನೆ, "ಈ ಜಾಗ ನಿಮಗೆ ಹೆಂಗೆ ಬಂತು?" ಈ ಪ್ರಶ್ನೆಗೆ ಮಾರೋರು ಕೊಡೋ ಉತ್ತರದ ಮೇಲೆ ಮುಂದೆ ಯಾವ ಕಾಗದ ನೋಡ್ಬೇಕು, ಯಾರ್ಯಾರ ಸಹಿ ಬೇಕು, ಬ್ಯಾಂಕ್ ಲೋನ್ ಆಗುತ್ತಾ ಇಲ್ವಾ ಎಲ್ಲಾ ನಿಂತಿರುತ್ತೆ. ಬೆಂಗಳೂರಲ್ಲಿ ಬರೆದ ಚೆಕ್‌ಲಿಸ್ಟ್ ಇಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ನಮ್ಮಲ್ಲಿ ಅರಣ್ಯ, ಗೇಣಿ, ಮುಳುಗಡೆ, ಬಗರ್‌ಹುಕುಂ (ಸರ್ಕಾರಿ ಜಾಗದಲ್ಲಿ ಅನುಮತಿ ಇಲ್ದೆ ಸಾಗುವಳಿ ಮಾಡಿದ್ದು) ಎಲ್ಲಾ ಒಂದೇ ಊರಲ್ಲಿ ಅಕ್ಕಪಕ್ಕ ಇರುತ್ತೆ.

ಮೊದಲು ಮೂಲ ಹುಡುಕಿ

ಜಾಗ ಒಬ್ಬರ ಕೈಗೆ ಬರೋ ದಾರಿ ಕೆಲವೇ ಕೆಲವು. ಕ್ರಯಕ್ಕೆ ತಗೊಂಡಿದ್ದು, ಪಾಲಲ್ಲಿ ಬಂದಿದ್ದು, ದಾನಪತ್ರ ಅಥವಾ ವಿಲ್ ಮೂಲಕ ಬಂದಿದ್ದು, ಅಪ್ಪ ಅಮ್ಮ ತೀರ್ಕೊಂಡ್ಮೇಲೆ ಪೌತಿ ಖಾತೆ ಆಗಿದ್ದು, ಗೇಣಿದಾರರಾಗಿ ಭೂನ್ಯಾಯಮಂಡಳಿಯಿಂದ ಪಡೆದಿದ್ದು, ಸರ್ಕಾರದಿಂದ ಮಂಜೂರಾಗಿದ್ದು, ಸೂಡಾ (ಶಿವಮೊಗ್ಗ ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಹೌಸಿಂಗ್ ಬೋರ್ಡ್ ಹಂಚಿದ್ದು. ಇದ್ರಲ್ಲಿ ಯಾವುದು ಅಂತ ಗೊತ್ತಾದ್ರೆ ಆ ಮೂಲ ಪತ್ರ ಕೇಳಿ, ಅಲ್ಲಿಂದ ಇವತ್ತಿನ ಮಾಲೀಕರವರೆಗೆ ಒಂದೊಂದು ಕೊಂಡಿನೂ ಸೇರುತ್ತಾ ನೋಡಿ. ಉದಾಹರಣೆಗೆ 1985ರಲ್ಲಿ ಅಣ್ಣತಮ್ಮ ಇಬ್ಬರೂ ಸೇರಿ ತಗೊಂಡಿದಾರೆ, 2010ರಲ್ಲಿ ತಮ್ಮ ಒಬ್ಬನೇ ಮಾರಿದಾನೆ ಅಂದ್ರೆ ಮಧ್ಯದಲ್ಲಿ ಅಣ್ಣನ ಪಾಲು ಎಲ್ಲಿ ಹೋಯ್ತು? ಅಲ್ಲೊಂದು ಪಾಲುಪತ್ರನೋ ಹಕ್ಕು ಬಿಡುಗಡೆ ಪತ್ರನೋ ಇರ್ಲೇಬೇಕು, ಇಲ್ಲ ಅಂದ್ರೆ ಆ ಕೊಂಡಿ ಕಡಿದಿದೆ ಅಂತಲೇ ಲೆಕ್ಕ.

ಎಷ್ಟು ವರ್ಷ ಹಿಂದಕ್ಕೆ ಹೋಗ್ಬೇಕು ಅಂತ ಎಲ್ರೂ ಕೇಳ್ತಾರೆ. ಹಳೇ ಕಾಲದ ವಾಡಿಕೆ 13 ವರ್ಷದ ಇಸಿ (ಜಾಗದ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ) ಸಾಕು ಅನ್ನೋದು, ಅದನ್ನ ನಂಬ್ಬೇಡಿ, ಕಮ್ಮಿ ಅಂದ್ರೆ 30 ವರ್ಷ ನೋಡಿ, ಮಂಜೂರಾತಿ ಅಥವಾ ಗೇಣಿ ಜಮೀನಿನ ಮೂಲ ಇದ್ರೆ ಮಂಜೂರಾದ ದಿನದವರೆಗೂ ಹೋಗಿ.

ಇನ್ನೊಂದು, ಖಾತೆ ಇದೆ ಅಂದ್ರೆ ಮಾಲೀಕತ್ವ ಇದೆ ಅಂತ ಅಲ್ಲ. ಪಹಣಿ, ಖಾತೆ, ಕಂದಾಯ ರಸೀದಿ ಇವೆಲ್ಲ ತೆರಿಗೆ ಯಾರು ಕಟ್ತಾರೆ, ದಾಖಲೆಯಲ್ಲಿ ಯಾರ ಹೆಸರಿದೆ ಅಂತ ಹೇಳೋ ಕಾಗದಗಳು. ಹಕ್ಕು ಹುಟ್ಟೋದು ನೋಂದಣಿ ಆದ ಕ್ರಯಪತ್ರ, ಪಾಲುಪತ್ರ, ಹಕ್ಕುಪತ್ರ, ಉತ್ತರಾಧಿಕಾರ ಇಂಥದ್ರಿಂದ. 1908ರ ನೋಂದಣಿ ಕಾಯ್ದೆ ಪ್ರಕಾರ 100 ರೂಪಾಯಿ ಮೇಲಿನ ಯಾವ ಸ್ಥಿರಾಸ್ತಿ ಮಾರಾಟನೂ ರಿಜಿಸ್ಟರ್ ಆಗ್ಲೇಬೇಕು, ಹಾಗಾಗಿ "ಬಿಳಿ ಹಾಳೆ ಮೇಲೆ ಬರೆದು ಊರ ಹಿರಿಯರ ಸಹಿ ಹಾಕ್ಸಿದೀವಿ" ಅನ್ನೋ ಮಾತಿಗೆ ಬೆಲೆ ಇಲ್ಲ. ಜಿಪಿಎ (ಇನ್ನೊಬ್ಬರ ಪರವಾಗಿ ವ್ಯವಹಾರ ಮಾಡೋಕೆ ಕೊಡೋ ಅಧಿಕಾರ ಪತ್ರ) ಕೊಟ್ಟು ಮಾರೋದೂ ಅಷ್ಟೇ, ಬರೀ ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಕೇಸಲ್ಲಿ ಹೇಳಿಬಿಟ್ಟಿದೆ. ಮಗ ಅಮೆರಿಕಾದಲ್ಲಿದಾನೆ, ಅಪ್ಪನಿಗೆ ಜಿಪಿಎ ಕೊಟ್ಟಿದಾನೆ, ಅಪ್ಪ ಅವನ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕ್ತಾರೆ ಅಂದ್ರೆ ಅದು ಸರಿ, ಆದ್ರೆ ಜಿಪಿಎ ಇನ್ನೂ ಚಾಲ್ತಿಯಲ್ಲಿದೆಯಾ, ಕೊಟ್ಟವರು ಬದುಕಿದಾರಾ ಅಂತ ಖಾತ್ರಿ ಮಾಡ್ಕೊಳ್ಳಿ, ಒಂದು ವಿಡಿಯೋ ಕಾಲ್ ಮಾಡಿ ಮಾತಾಡಿದ್ರೆ ಎಂತ ನಷ್ಟ ಇಲ್ಲ.

ಮಲೆನಾಡಿನ ಜಾಗದಲ್ಲಿ ಎಷ್ಟು ತರ

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಇಲ್ಲೇ ಜಾಸ್ತಿ ಜನ ಸಿಕ್ಕಾಕ್ಕೊಳ್ಳೋದು.

ತೋಟದ ಮಧ್ಯೆ ಚೆಂದದ ಹಂಚಿನ ಮನೆ, ಮುಂದೆ ಅಂಗಳ, ಹಿಂದೆ ಗುಡ್ಡ, ಮಾರೋರು "ಎಲ್ಲಾ ನಮ್ದೇ" ಅಂತ ಕೈ ಬೀಸಿ ತೋರಿಸ್ತಾರೆ. ಆ ಕೈ ಬೀಸಿದ್ರಲ್ಲಿ ಎಷ್ಟು ಪಹಣಿಯಲ್ಲಿದೆ ಅಂತ ನೋಡಿ. ಅಡಿಕೆ ತೋಟದ ಹಿಂದಿರೋ ಗುಡ್ಡ ಬಹಳ ಕಡೆ ಸೊಪ್ಪಿನಬೆಟ್ಟ. ತೋಟಕ್ಕೆ ಸೊಪ್ಪು, ದರಗು ತಗೊಳ್ಳೋ ಸವಲತ್ತು ಅಷ್ಟೇ ಇರೋದು, ಜಾಗ ಸರ್ಕಾರದ್ದು, ಅದನ್ನ ಮಾರೋ ಹಕ್ಕು ತೋಟದವರಿಗೆ ಇಲ್ಲ. ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಕಾನು (ಕಾಡು) ಅಂತ ದಾಖಲೆಯಲ್ಲಿ ಇದ್ರೂ ಹಂಗೇ ಹುಷಾರು. ಎಷ್ಟೋ ಕಡೆ ಮನೆಯ ಅರ್ಧ, ಕೊಟ್ಟಿಗೆ, ಕಾರು ನಿಲ್ಲಿಸೋ ಜಾಗ ಬೆಟ್ಟದ ಮೇಲೇ ಇರುತ್ತೆ, ಮೂರು ತಲೆಮಾರಿಂದ ಇದೀವಿ ಅಂತಾರೆ, ಇರ್ಬೋದು, ಆದ್ರೆ ಕ್ರಯಪತ್ರದಲ್ಲಿ ಬರಿಯೋಕಾಗಲ್ಲ, ಬರೀದೆ ಇದ್ದಿದ್ದು ನಿಮಗೆ ಬರಲ್ಲ.

ಅರಣ್ಯದ ವಿಷಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಎರಡು ಸೆಕ್ಷನ್ ಹೆಸರು ಕಿವಿಗೆ ಬೀಳ್ತಾ ಇರುತ್ತೆ. ಸೆಕ್ಷನ್ 4 ಅಂದ್ರೆ ಈ ಜಾಗನ ಮೀಸಲು ಅರಣ್ಯ ಮಾಡ್ಬೇಕು ಅಂತ ಸರ್ಕಾರ ಹೊರಡಿಸೋ ಮೊದಲ ಅಧಿಸೂಚನೆ, ಸೆಕ್ಷನ್ 17 ಅಂದ್ರೆ ಹಕ್ಕುಬಾಧ್ಯತೆ ವಿಚಾರಣೆ ಮುಗಿದು ಅಂತಿಮವಾಗಿ ಘೋಷಣೆ ಆಗಿದ್ದು. ಸೆಕ್ಷನ್ 4 ಆಗಿ ದಶಕಗಟ್ಟಲೆ 17 ಆಗದೆ ಬಿದ್ದಿರೋ ಸರ್ವೆ ನಂಬರ್‌ಗಳು ನಮ್ಮಲ್ಲಿ ಬೇಕಾದಷ್ಟಿವೆ, ಪಹಣಿಯಲ್ಲಿ ಖಾಸಗಿ ಹೆಸರಿದ್ರೂ ಅರಣ್ಯ ಇಲಾಖೆ ನಮ್ದು ಅಂತ ನೋಟಿಸ್ ಕೊಡ್ಬೋದು. ಹಾಗಾಗಿ ಕಾಡಂಚಿನ ಮನೆ ಅಂದ್ರೆ ಆ ಸರ್ವೆ ನಂಬರ್ ಅಧಿಸೂಚನೆಯಲ್ಲಿ ಇದೆಯಾ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಲಿಖಿತ ಹಿಂಬರಹ (ಕಚೇರಿಯ ಉತ್ತರ) ತಗೊಳ್ಳಿ. ಬಾಯಿ ಮಾತಲ್ಲಿ "ಏನೂ ತೊಂದ್ರೆ ಇಲ್ಲ ಸಾರ್" ಅಂದ್ರೆ ಅದು ಲೆಕ್ಕಕ್ಕಿಲ್ಲ.

ಶರಾವತಿ ಮುಳುಗಡೆ ಸಂತ್ರಸ್ತರ ಜಾಗದ್ದು ಇನ್ನೊಂದು ಕಥೆ. ಲಿಂಗನಮಕ್ಕಿ ಡ್ಯಾಮ್ ಕಟ್ಟಿ 1964ರಲ್ಲಿ ನೀರು ನಿಂತಾಗ ಎದ್ದು ಬಂದವರಿಗೆ ಬೇರೆ ಕಡೆ ಜಾಗ ಕೊಟ್ರು, ಅದ್ರಲ್ಲಿ ಬಹಳಷ್ಟು ಅರಣ್ಯ ಭೂಮಿ, ಇವತ್ತಿಗೂ ಎಷ್ಟೋ ಕುಟುಂಬದ ಜಾಗದ ಹಕ್ಕು ಬಗೆಹರಿದಿಲ್ಲ. ಆ ಕುಟುಂಬಗಳಿಗೆ ಆಗಿರೋ ಅನ್ಯಾಯ ಬೇರೆ ಮಾತು, ಅದ್ರ ಬಗ್ಗೆ ನಂಗೂ ಸಿಟ್ಟಿದೆ, ಆದ್ರೆ ಕೊಳ್ಳೋರಾಗಿ ನೀವು ನೋಡ್ಬೇಕಾಗಿದ್ದು ಹಕ್ಕುಪತ್ರ, ಪಹಣಿ, ಪೋಡಿ (ಜಾಗ ಅಳೆದು ಸರ್ವೆ ನಂಬರ್ ಬೇರೆ ಮಾಡೋದು) ಮೂರೂ ಆಗಿದೆಯಾ ಅಂತ.

ಗೇಣಿ ಮೂಲದ ಜಮೀನು ನಮ್ಮಲ್ಲಿ ತುಂಬ ಜಾಸ್ತಿ, 1951ರ ಕಾಗೋಡು ಸತ್ಯಾಗ್ರಹ ನಡೆದ ಸಾಗರ ತಾಲ್ಲೂಕು ನಮ್ಮದೇ ಅಲ್ವಾ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಗೇಣಿದಾರರು ಫಾರಂ 7 ಅರ್ಜಿ ಹಾಕಿ, ಭೂನ್ಯಾಯಮಂಡಳಿ ಆದೇಶ ಮಾಡಿ, ಫಾರಂ 10 ಅನ್ನೋ ಹಕ್ಕಿನ ಪತ್ರ ಕೊಟ್ಟಿರುತ್ತೆ. ಇಂಥ ಜಾಗದಲ್ಲಿ ಮನೆ ಇದ್ರೆ ಮಂಡಳಿ ಆದೇಶದ ದೃಢೀಕೃತ ನಕಲು, ಫಾರಂ 10 ಎರಡೂ ಕೇಳಿ, ಹಳೇ ಧಣಿಗಳ ಕಡೆಯವರು ಹೈಕೋರ್ಟಿಗೆ ಹೋಗಿದ್ರಾ, ಕೇಸು ವಾಪಸ್ ಮಂಡಳಿಗೆ ಬಂದು ಕೂತಿದೆಯಾ ಅಂತ ವಿಚಾರಿಸಿ. ಫಾರಂ 10 ಯಾರೋ ಒಬ್ಬ ಹಿರಿಯಣ್ಣನ ಹೆಸರಲ್ಲಿ ಇರುತ್ತೆ, ಆದ್ರೆ ಗೇಣಿ ಮಾಡ್ತಿದ್ದಿದ್ದು ಇಡೀ ಕುಟುಂಬ, ಹಾಗಾಗಿ ತಮ್ಮಂದಿರ ಮಕ್ಕಳು ಪಾಲು ಕೇಳ್ಕೊಂಡು ಬರೋದು ಮಾಮೂಲು.

ಸರ್ಕಾರಿ ಮಂಜೂರಾತಿ ಜಾಗ ಆದ್ರೆ ಮಂಜೂರಾತಿ ಆದೇಶದ ಕೆಳಗಿನ ಷರತ್ತು ಓದಿ, ಇಷ್ಟು ವರ್ಷ ಪರಭಾರೆ (ಬೇರೆಯವರಿಗೆ ಮಾರೋದು ಕೊಡೋದು) ಮಾಡ್ಬಾರದು ಅಂತ ಇದ್ದೇ ಇರುತ್ತೆ. ಬಗರ್‌ಹುಕುಂ ಫಾರಂ 50, 53, 57 ಅರ್ಜಿ ಹಾಕಿದೀವಿ ಅಂತ ಅರ್ಜಿ ರಸೀದಿ ತೋರಿಸಿ ಮಾರೋರೂ ಇದಾರೆ. ಅರ್ಜಿ ಹಾಕಿದ್ರೆ ಹಕ್ಕು ಬಂದಂಗಲ್ಲ, ಅಲ್ಲಿಂದ ಎದ್ದು ಬನ್ನಿ. ಸರ್ಕಾರಿ ಜಾಗದಲ್ಲಿ ಕಟ್ಟಿರೋ ಮನೆನ ಸಕ್ರಮ ಮಾಡೋ 94ಸಿ, 94ಸಿಸಿ ಹಕ್ಕುಪತ್ರಕ್ಕೂ ಷರತ್ತುಗಳಿವೆ, ಓದದೆ ಅಡ್ವಾನ್ಸ್ ಕೊಡ್ಬೇಡಿ.

ಇದ್ರಲ್ಲಿ ಎಲ್ಲಕ್ಕಿಂತ ಗಟ್ಟಿ ಕಾನೂನು ಪಿಟಿಸಿಎಲ್. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ರೆ, ಷರತ್ತು ಮುರಿದು ಮಾರಿದ್ರೆ, 1978ರ ಈ ಕಾಯ್ದೆ ಪ್ರಕಾರ ಆ ಮಾರಾಟ ನಡೆಯಲ್ಲ, ಮೂಲ ಮಂಜೂರಿದಾರರು ಅಥವಾ ಅವ್ರ ವಾರಸುದಾರರು ಎಸಿ (ಉಪವಿಭಾಗಾಧಿಕಾರಿ) ಕೋರ್ಟಲ್ಲಿ ಅರ್ಜಿ ಹಾಕಿ ಜಮೀನು ವಾಪಸ್ ಪಡೀಬೋದು. ತಡವಾಗಿ ಬಂದ್ರು ಅಂತ ಅರ್ಜಿ ವಜಾ ಮಾಡೋದು ಮಧ್ಯೆ ಕೆಲವು ವರ್ಷ ನಡೀತಿತ್ತು, 2023ರ ತಿದ್ದುಪಡಿ ಬಂದು ಕಾಲಮಿತಿ ಅನ್ವಯ ಆಗಲ್ಲ ಅಂತ ಮಾಡಿದೆ. ಭೂಮಿ ಕಳ್ಕೊಂಡವರಿಗೆ ಇದು ಬೇಕಾಗಿದ್ದೇ ಕಾನೂನು. ಕೊಳ್ಳೋರಿಗೆ ಇದ್ರ ಅರ್ಥ ಏನಂದ್ರೆ ನಾಲ್ಕು ಕೈ ಬದಲಾಗಿ, ಲೇಔಟ್ ಆಗಿ, ಮನೆ ಕಟ್ಟಿ ಆಗಿದ್ರೂ ಮೂಲ ಮಂಜೂರಾತಿ ನೋಡ್ದೆ ಕೈ ಹಾಕ್ಬಾರದು. ನಮ್ಮ ಜಿಲ್ಲೆಯಲ್ಲಿ ಎಸಿ ಕಚೇರಿ ಎರಡು, ಶಿವಮೊಗ್ಗ ಮತ್ತು ಸಾಗರ, ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರುತ್ತೋ ಅಲ್ಲಿ ಆ ಸರ್ವೆ ನಂಬರಿನ ಮೇಲೆ ಪಿಟಿಸಿಎಲ್ ಪ್ರಕರಣ ಇದೆಯಾ ಅಂತ ಹಿಂಬರಹ ಸಿಗುತ್ತೆ.

ಇನ್ನು ಕೃಷಿ ಜಮೀನಲ್ಲೇ ಇರೋ ಒಂಟಿ ಮನೆ. ಭೂಕಂದಾಯ ಕಾಯ್ದೆ ಪ್ರಕಾರ ರೈತರು ತಮ್ಮ ಹಿಡುವಳಿಯ ಶೇ 10ರ ಮಿತಿಯೊಳಗೆ ತೋಟದ ಮನೆ ಕಟ್ಕೋಬೋದು, ಅದಕ್ಕೆ ಅಲಿನೇಷನ್ (ಕೃಷಿ ಜಮೀನನ್ನ ಕೃಷಿಯೇತರ ಮಾಡೋ ಭೂಪರಿವರ್ತನೆ) ಬೇಡ. ತೋಟದ ಸಮೇತ ತಗೊಂಡ್ರೆ ಸರಿ, ಭೂಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ತಗೋಬೋದು. ಆದ್ರೆ ಮನೆ ಮತ್ತೆ ಅಂಗಳ ಮಾತ್ರ ಕೊಡಿ, ಇಲ್ಲೊಂದು ಹೋಂಸ್ಟೇ ಮಾಡ್ತೀನಿ ಅಂದ್ರೆ ಸೆಕ್ಷನ್ 95ರಡಿ ಭೂಪರಿವರ್ತನೆ ಆಗ್ಬೇಕು, ಸರ್ವೆ ನಂಬರಿನ ಒಂದು ತುಂಡು ಮಾರೋದಕ್ಕೆ ಆ ತುಂಡನ್ನ ಅಳೆದು ತೋರಿಸೋ 11ಇ ನಕ್ಷೆ ಬೇಕು. ಇದನ್ನ ಮಾರೋರೇ ಮಾಡ್ಸಿ ಕೊಡ್ಲಿ ಅಂತ ಕರಾರಲ್ಲಿ ಬರೆಸಿ.

ಮನೆಯವರೆಲ್ಲ ಸಹಿ ಹಾಕ್ಬೇಕಾ?

ಅಪ್ಪ ದುಡಿದು ತಗೊಂಡ ಮನೆ ಅಪ್ಪ ಮಾರ್ತಿದಾರೆ ಅಂದ್ರೆ ಕಾನೂನು ಪ್ರಕಾರ ಹೆಂಡತಿ ಮಕ್ಕಳ ಸಹಿ ಬೇಡ. ಆದ್ರೂ ನಮ್ ಕಡೆ ವಕೀಲರು ಮಕ್ಕಳನ್ನ ಒಪ್ಪಿಗೆ ಸಾಕ್ಷಿಯಾಗಿ ಸಹಿ ಹಾಕಿಸ್ತಾರೆ, ಯಾಕಂದ್ರೆ ನಾಳೆ ಇದು ಪಿತ್ರಾರ್ಜಿತ, ತೋಟದ ದುಡ್ಡಲ್ಲಿ ತಗೊಂಡಿದ್ದು ಅಂತ ಒಬ್ಬ ಮಗ ದಾವೆ ಹಾಕಿದ್ರೆ ಸಾಬೀತು ಮಾಡೋಕೆ ಹತ್ತು ವರ್ಷ ಓಡಾಡ್ಬೇಕು. ಹಾಕಿಸೋದೇ ವಾಸಿ.

ಪಿತ್ರಾರ್ಜಿತ ಆದ್ರೆ ಹೆಣ್ಣುಮಕ್ಕಳ ಪ್ರಶ್ನೆ ಬಂದೇ ಬರುತ್ತೆ. "ಅಕ್ಕಂಗೆ ಮದ್ವೆ ಖರ್ಚು ಮಾಡಿ ಕಳ್ಸಿದೀವಲ್ಲ, ಅವ್ಳ ಸಹಿ ಯಾಕೆ" ಅನ್ನೋ ಮಾತು ಇವತ್ತೂ ಕೇಳ್ತೀನಿ. ಬೇಕು, ಬೇಕೇ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ಸೆಪ್ಟೆಂಬರ್ 9ರ ತಿದ್ದುಪಡಿಯಿಂದ ಮಗಳೂ ಮಗನಷ್ಟೇ ಹಕ್ಕುದಾರಳು, ಆ ದಿನ ಅಪ್ಪ ಬದುಕಿರ್ಬೇಕು ಅಂತೇನಿಲ್ಲ, ಹುಟ್ಟಿನಿಂದಲೇ ಹಕ್ಕು ಬರುತ್ತೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಲ್ಲಿ ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ರಿಜಿಸ್ಟರ್ ಪಾಲುಪತ್ರ ಆಗಿದ್ರೆ, ಕೋರ್ಟ್ ಡಿಕ್ರಿ ಆಗಿದ್ರೆ ಅದನ್ನ ಈಗ ಕೆದಕೋಕಾಗಲ್ಲ. ಆದ್ರೆ ಜಗಲಿ ಮೇಲೆ ಕೂತು ಬರೆದ ಪಾಲುಪಟ್ಟಿ ಇಟ್ಕೊಂಡು "ನಮ್ದು 1995ರಲ್ಲೇ ಪಾಲಾಗಿದೆ" ಅಂದ್ರೆ ಕೋರ್ಟ್ ಸುಲಭಕ್ಕೆ ಒಪ್ಪಲ್ಲ. ಅಕ್ಕತಂಗಿಯರು ನಿಜವಾಗ್ಲೂ ಪಾಲು ಬೇಡ ಅಂದಿದ್ರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡ್ಸಿ, ಬೇಕು ಅಂದಿದ್ರೆ ಅವ್ರನ್ನೂ ಮಾರಾಟಗಾರರಾಗಿ ಸೇರಿಸಿ ಅವ್ರ ಪಾಲಿನ ದುಡ್ಡು ಅವ್ರ ಅಕೌಂಟಿಗೇ ಹಾಕಿ.

ಯಾರ್ಯಾರು ಇದಾರೆ ಅಂತ ಗೊತ್ತಾಗೋಕೆ ನಾಡಕಚೇರಿಯಿಂದ ವಂಶವೃಕ್ಷ ತಗೊಳ್ಳಿ, ಆದ್ರೆ ಅದೊಂದನ್ನೇ ನಂಬ್ಬೇಡಿ, ಅದು ಮನೆಯವರು ಕೊಟ್ಟ ಹೇಳಿಕೆ, ಮಹಜರ್ ಮೇಲೆ ಆಗೋದು. ಊರಲ್ಲಿ ಹೋಗಿ ಒಂದು ಲೋಟ ಕಾಫಿ ಕುಡಿದು ಅಕ್ಕಪಕ್ಕದವರ ಹತ್ರ ಮಾತಾಡಿದ್ರೆ ಹುಬ್ಬಳ್ಳಿಗೆ ಕೊಟ್ಟ ಮಗಳು, ಮುಂಬೈಯಲ್ಲಿ ಹೋಟೆಲ್ ಇಟ್ಟಿರೋ ಮಗ ಎಲ್ಲಾ ಹೊರಗೆ ಬರ್ತಾರೆ. ಗಂಡಸು ವಿಲ್ ಬರೀದೆ ತೀರ್ಕೊಂಡ್ರೆ ಹಿಂದೂಗಳಲ್ಲಿ ಹೆಂಡತಿ, ಮಕ್ಕಳ ಜೊತೆ ತಾಯಿಗೂ ಪಾಲಿದೆ, ಅಜ್ಜಿನ ಮರೆಯೋದು ಜಾಸ್ತಿ. ಮುಸ್ಲಿಮರಿಗೆ, ಕ್ರೈಸ್ತರಿಗೆ ಉತ್ತರಾಧಿಕಾರದ ನಿಯಮ ಬೇರೆ, ಆ ಲೆಕ್ಕನ ಗೊತ್ತಿರೋ ವಕೀಲರ ಹತ್ರನೇ ಮಾಡ್ಸಿ.

ಮೈನರ್ ಮಗುವಿನ ಸ್ವಂತ ಹೆಸರಲ್ಲಿರೋ ಆಸ್ತಿನ ತಂದೆ ತಾಯಿ ಮಾರ್ಬೇಕು ಅಂದ್ರೆ ಮುಂಚೆ ಕೋರ್ಟ್ ಅನುಮತಿ ತಗೋಬೇಕು. ತಗೊಳ್ದೆ ಮಾರಿದ್ರೆ ಆ ಮಗು ದೊಡ್ಡದಾದ್ಮೇಲೆ ಮೂರು ವರ್ಷದೊಳಗೆ ಕ್ರಯ ರದ್ದು ಮಾಡಿ ಅಂತ ಕೇಳ್ಬೋದು. "ಹದಿನೇಳು ವರ್ಷ ಆಗಿದೆ, ಇನ್ನೊಂದು ವರ್ಷ ಅಷ್ಟೇ" ಅಂದ್ರೆ ಒಂದು ವರ್ಷ ಕಾಯಿರಿ.

ಇಸಿ, ಸಾಲ, ಕೋರ್ಟ್ ಕೇಸು

ಇಸಿ ಅಂದ್ರೆ ಋಣಭಾರ ಪತ್ರ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ಆನ್‌ಲೈನಲ್ಲೇ ಅರ್ಜಿ ಹಾಕ್ಬೋದು, ಸುಮಾರು 2004ರಿಂದ ಈಚಿನದು ಕಂಪ್ಯೂಟರಲ್ಲಿ ಸಿಗುತ್ತೆ, ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹಳೇ ಪುಸ್ತಕ ಹುಡುಕಿಸಿ ತಗೋಬೇಕು. ವ್ಯವಹಾರ ನಡೆದಿದ್ರೆ ಫಾರಂ 15, ಏನೂ ಇಲ್ಲ ಅಂದ್ರೆ ಫಾರಂ 16 ಕೊಡ್ತಾರೆ. ಒಂದು ತಮಾಷೆ ಏನಂದ್ರೆ ನೀವು ಕೊಟ್ಟ ಆಸ್ತಿ ವಿವರ ಸ್ವಲ್ಪ ತಪ್ಪಿದ್ರೂ ಫಾರಂ 16 ಬಂದುಬಿಡುತ್ತೆ, ಜನ ಖುಷಿಯಾಗ್ತಾರೆ. ಮಾರೋರೇ 2015ರಲ್ಲಿ ಕ್ರಯಕ್ಕೆ ತಗೊಂಡಿದೀವಿ ಅಂದ್ಮೇಲೆ ಆ ಎಂಟ್ರಿನಾದ್ರೂ ಕಾಣ್ಬೇಕಲ್ವಾ? ಕಾಣ್ದೆ ಇದ್ರೆ ಹುಡುಕಿದ್ದೇ ತಪ್ಪು. ಹಳೇ ಖಾತೆ ನಂಬರ್, ಸರ್ವೆ ನಂಬರ್, ಮಾಲೀಕರ ಹೆಸರು ಎಲ್ಲಾ ಹಾಕಿ ಮತ್ತೆ ತೆಗೆಸಿ.

ಇಸಿಯಲ್ಲಿ ರಿಜಿಸ್ಟರ್ ಆಗಿದ್ದು ಮಾತ್ರ ಬರುತ್ತೆ. ಸೊಸೈಟಿ ಬೆಳೆ ಸಾಲ ಪಹಣಿಯ 11ನೇ ಕಾಲಂನಲ್ಲಿ ಕೂತಿರುತ್ತೆ, ಕೋರ್ಟ್ ತಡೆಯಾಜ್ಞೆನೂ ಕೆಲವು ಸಲ ಅಲ್ಲೇ ನಮೂದಾಗುತ್ತೆ. ಸಾಲ ತೀರಿದೆ ಅಂದ್ರೆ ಬ್ಯಾಂಕಿನ ತೀರುವಳಿ ಪತ್ರ, ಮತ್ತೆ ಪಹಣಿಯಿಂದ ಎಂಟ್ರಿ ತೆಗೆಸಿರೋದು ಎರಡೂ ಬೇಕು. ಕೋರ್ಟ್ ಕೇಸಿಗೆ ಇ-ಕೋರ್ಟ್ಸ್ ತಾಣದಲ್ಲಿ ಮಾರೋರ ಹೆಸರು, ಅವ್ರ ಅಣ್ಣತಮ್ಮಂದಿರ ಹೆಸರು ಹಾಕಿ ಶಿವಮೊಗ್ಗ ಮತ್ತೆ ಆ ತಾಲ್ಲೂಕಿನ ಕೋರ್ಟುಗಳಲ್ಲಿ ಹುಡುಕಿ. ಕೇಸ್ ನಡೀತಿರೋ ಆಸ್ತಿನ ತಗೊಂಡ್ರೆ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 52 ಪ್ರಕಾರ ಆ ಕೇಸಿನ ತೀರ್ಪು ನಿಮ್ಮ ತಲೆ ಮೇಲೂ ಬರುತ್ತೆ, ನಂಗೆ ಗೊತ್ತಿರ್ಲಿಲ್ಲ ಅಂದ್ರೆ ಕೇಳಲ್ಲ.

ಬ್ಯಾಂಕಿನವರು ಲೀಗಲ್ ಒಪಿನಿಯನ್ ಮಾಡ್ಸಿ ಲೋನ್ ಕೊಟ್ಟಿದಾರೆ, ಇನ್ನೇನು ಭಯ ಅಂತ ಕೇಳ್ತಾರೆ. ಬ್ಯಾಂಕ್ ಆ ಒಪಿನಿಯನ್ ಮಾಡ್ಸೋದು ತನ್ನ ಸಾಲಕ್ಕೋಸ್ಕರ, ನಾಳೆ ಆಸ್ತಿ ಕೈಬಿಟ್ರೂ ಕಂತು ನೀವೇ ಕಟ್ಬೇಕು. ನಿಮ್ಮದೇ ವಕೀಲರಿಗೆ ಒಂದು ಸಲ ತೋರ್ಸಿ, ಜೊತೆಗೆ ಸ್ಥಳೀಯ ಪೇಪರಲ್ಲಿ ತಕರಾರು ಇದ್ರೆ ತಿಳಿಸಿ ಅಂತ ಸಾರ್ವಜನಿಕ ಪ್ರಕಟಣೆ ಕೊಡ್ಸಿ, ಅದಕ್ಕೆ ಹಿಂಜರಿಯೋ ಮಾರಾಟಗಾರರ ಬಗ್ಗೆ ನಂಗೆ ಯಾವಾಗ್ಲೂ ಅನುಮಾನ.

ಸಿಟಿ ಒಳಗೆ ತಗೊಳ್ಳೋರಿಗೆ

ಶಿವಮೊಗ್ಗ ಪಾಲಿಕೆ ವ್ಯಾಪ್ತಿಯಲ್ಲಿ ಇ-ಆಸ್ತಿ ತಂತ್ರಾಂಶದ ಖಾತೆ, ಗ್ರಾಮ ಪಂಚಾಯ್ತಿಯಲ್ಲಿ ಇ-ಸ್ವತ್ತಿನ ಫಾರಂ 9, 11ಎ. ಇ-ಖಾತೆ ಇಲ್ದೆ ಈಗ ರಿಜಿಸ್ಟ್ರೇಷನ್ನೇ ಆಗಲ್ಲ. ಫಾರಂ 11ಬಿ, ಬಿ ಖಾತೆ ಅಂದ್ರೆ ತೆರಿಗೆ ಕಟ್ಟೋಕೆ ದಾಖಲೆ ಸಿಕ್ಕಿದೆ ಆದ್ರೆ ಲೇಔಟ್ ಅನುಮೋದನೆ ಥರದ್ದು ಏನೋ ಬಾಕಿ ಇದೆ ಅಂತ, ಲೋನ್ ಸಿಗೋದು ಕಷ್ಟ, ಮನೆ ಕಟ್ಟೋ ಲೈಸೆನ್ಸಿಗೂ ತೊಡಕು, ಮುಂದೆ ನೀವು ಮಾರೋವಾಗ ಇದೇ ಕಾರಣಕ್ಕೆ ರೇಟು ಬೀಳುತ್ತೆ. ಸೂಡಾ ಅಪ್ರೂವ್ಡ್ ಅಂತ ಬೋರ್ಡ್ ಹಾಕಿದ ಲೇಔಟಿಗೆ ಸೂಡಾ ಆಫೀಸಲ್ಲೇ ನಕ್ಷೆ ತೆಗೆಸಿ, ನಿಮ್ಮ ಸೈಟ್ ನಂಬರ್ ಬಿಡುಗಡೆ ಆಗಿದೆಯಾ, ಪಾರ್ಕಿಗೆ ಬಿಟ್ಟ ಜಾಗದಲ್ಲಿ ಇದೆಯಾ ನೋಡಿ. ಸೂಡಾದವರೇ ಹಂಚಿದ ಸೈಟ್ ಆದ್ರೆ ಮಾರೋರ ಹೆಸರಿಗೆ ಶುದ್ಧ ಕ್ರಯಪತ್ರ ಆಗಿದೆಯಾ, ಇನ್ನೂ ಲೀಸ್ ಕಮ್ ಸೇಲ್ ಕರಾರಲ್ಲೇ ಇದೆಯಾ ಅಂತ ನೋಡ್ಬೇಕು, ಎರಡನೇದಾದ್ರೆ ಅವ್ರು ಮಾರೋ ಹಾಗೇ ಇಲ್ಲ. ಹೊಸ ಅಪಾರ್ಟ್‌ಮೆಂಟ್ ಆದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನೋಡಿ, ರಿಜಿಸ್ಟರ್ ಕರಾರು ಇಲ್ದೆ ಬಿಲ್ಡರ್ ಶೇ 10ಕ್ಕಿಂತ ಜಾಸ್ತಿ ಅಡ್ವಾನ್ಸ್ ಕೇಳೋ ಹಂಗಿಲ್ಲ.

ಅಳತೆ, ದಾರಿ, ನೀರು

ಕ್ರಯಪತ್ರದ ಚೆಕ್ಕುಬಂದಿ ಹಿಡ್ಕೊಂಡು ಜಾಗಕ್ಕೆ ಹೋಗಿ ನಾಲ್ಕೂ ದಿಕ್ಕು ತಾಳೆ ಮಾಡಿ. "ಪೂರ್ವಕ್ಕೆ ಸುಬ್ಬಣ್ಣನ ತೋಟ" ಅಂತ ಐವತ್ತು ವರ್ಷದ ಹಿಂದೆ ಬರೆದಿರ್ತಾರೆ, ಸುಬ್ಬಣ್ಣನೂ ಇಲ್ಲ ತೋಟನೂ ಇಲ್ಲ. ಹದ್ದುಬಸ್ತಿಗೆ (ಗಡಿ ಗುರುತಿಸೋದಕ್ಕೆ) ಅರ್ಜಿ ಹಾಕಿ ಸರ್ಕಾರಿ ಸರ್ವೆಯರಿಂದ ಅಳೆಸಿ ಕಲ್ಲು ಹಾಕ್ಸಿ, ಮಳೆಗಾಲದಲ್ಲಿ ಇದು ಆಗಲ್ಲ, ಜೂನ್ ಬರೋದ್ರೊಳಗೆ ಮುಗಿಸೋ ಥರ ಪ್ಲಾನ್ ಮಾಡಿ.

ಹಳ್ಳಿ ಮನೆಗೆ ದಾರಿ ಯಾರ ಜಾಗದಲ್ಲಿ ಹೋಗುತ್ತೆ? ಎಷ್ಟೋ ಕಡೆ ಪಕ್ಕದವರ ತೋಟದ ಅಂಚಲ್ಲೇ ಜೀಪು ಬರೋದು, ಹಳಬರ ಮಧ್ಯೆ ಸ್ನೇಹ ಇತ್ತು ನಡೀತಿತ್ತು, ಹೊಸಬರು ಬಂದ ತಕ್ಷಣ ಬೇಲಿ ಬೀಳುತ್ತೆ. 20 ವರ್ಷ ತಡೆಯಿಲ್ದೆ ಹಕ್ಕಿನಂತೆ ಓಡಾಡಿದ್ರೆ ದಾರಿ ಹಕ್ಕು ಬರುತ್ತೆ ಅಂತ 1882ರ ಈಸ್‌ಮೆಂಟ್ ಕಾಯ್ದೆ ಹೇಳುತ್ತೆ, ಆದ್ರೆ ಒಪ್ಪಿಗೆ ಕೇಳ್ಕೊಂಡು ಓಡಾಡಿದ್ದು ಆ ಲೆಕ್ಕಕ್ಕೆ ಬರಲ್ಲ, ಕೋರ್ಟಲ್ಲಿ ಜಗಳ ಇದ್ರ ಮೇಲೇ ನಡೆಯೋದು. ಅಬ್ಬಿ ನೀರು ಪೈಪಲ್ಲಿ ಮೇಲಿನ ಗುಡ್ಡದಿಂದ ಬರ್ತಿದ್ರೆ, ಬಾವಿ ಇಬ್ಬರ ಮಧ್ಯೆ ಇದ್ರೆ ಅದೂ ಇದೇ ಥರ. ಪಕ್ಕದವರನ್ನ ಕೂರಿಸ್ಕೊಂಡು ದಾರಿ, ನೀರಿನ ಹಕ್ಕಿಗೆ ಒಂದು ರಿಜಿಸ್ಟರ್ ಒಪ್ಪಂದ ಮಾಡ್ಸಿ, ಅದೇ ಮಾತು ಕ್ರಯಪತ್ರದ ಷೆಡ್ಯೂಲಲ್ಲೂ ಬರ್ಲಿ. ಪಕ್ಕದವರು ಒಪ್ಪಲ್ಲ ಅಂದ್ರೆ ಆ ಮನೆ ಎಷ್ಟೇ ಚೆನ್ನಾಗಿರ್ಲಿ ನಾನಂತೂ ತಗೊಳ್ಳಿ ಅಂತ ಹೇಳಲ್ಲ.

ಕರಾರು ಮತ್ತೆ ಅಡ್ವಾನ್ಸ್

ಕಾಗದ ಎಲ್ಲಾ ಸರಿ ಅನ್ನಿಸಿದ್ಮೇಲೆ ಕ್ರಯದ ಕರಾರು. ಇದ್ರಲ್ಲಿ ಒಟ್ಟು ಬೆಲೆ, ಅಡ್ವಾನ್ಸ್, ಉಳಿದಿದ್ದು ಯಾವಾಗ, ಯಾವ ದಿನದೊಳಗೆ ರಿಜಿಸ್ಟ್ರೇಷನ್, ಬಾಕಿ ಕೆಲಸ (ಪೋಡಿ, ಇ-ಖಾತೆ, ಸಾಲ ತೀರುವಳಿ) ಯಾರು ಮಾಡ್ಬೇಕು, ಲೋನ್ ಆಗ್ಲಿಲ್ಲ ಅಂದ್ರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಎಲ್ಲಾ ಬರ್ಬೇಕು. ರಿಜಿಸ್ಟರ್ ಮಾಡ್ಸೋದು ಒಳ್ಳೇದು, ಆಗ ಇಸಿಯಲ್ಲಿ ಕಾಣುತ್ತೆ, ಮಾರೋರು ಇನ್ನೊಬ್ಬರಿಗೆ ಮಾರೋಕೆ ಹೆದರ್ತಾರೆ. ಕರಾರಲ್ಲೇ ಸ್ವಾಧೀನ ಕೊಟ್ಟಿದೀವಿ ಅಂತ ಬರೆದ್ರೆ ಮುದ್ರಾಂಕ ಶುಲ್ಕ ಕ್ರಯಪತ್ರದಷ್ಟೇ ಬೀಳುತ್ತೆ, ಹಾಗಾಗಿ ಆ ಒಂದು ಸಾಲಿನ ಬಗ್ಗೆ ಜಾಗ್ರತೆ. ಕರಾರಾಗಿ ಮಾರೋರು ರಿಜಿಸ್ಟರ್ ಮಾಡ್ಕೊಡದೆ ಎಳೆದಾಡಿದ್ರೆ ದಾವೆ ಹಾಕೋಕೆ ಮೂರು ವರ್ಷ, ಕರಾರಲ್ಲಿ ತಾರೀಕು ಇದ್ರೆ ಅಲ್ಲಿಂದ, ಇಲ್ದಿದ್ರೆ ಅವ್ರು ಆಗಲ್ಲ ಅಂದಿದ್ದು ಗೊತ್ತಾದಾಗಿಂದ.

ಕ್ಯಾಶ್ ವಿಷಯ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳೋ ಹಂಗಿಲ್ಲ, ತಗೊಂಡ್ರೆ ಎಷ್ಟು ತಗೊಂಡ್ರೋ ಅಷ್ಟೇ ದಂಡ, ಅದೂ ತಗೊಂಡವರಿಗೆ. "ಅರ್ಧ ಬಿಳಿ ಅರ್ಧ ಕಪ್ಪು" ಅನ್ನೋರಿಗೆ ಇದನ್ನ ಹೇಳಿ. ಕೊಳ್ಳೋರಿಗೆ ಇನ್ನೊಂದು ನಷ್ಟ, ವ್ಯವಹಾರ ಮುರಿದು ಬಿದ್ರೆ ಕಾಗದದಲ್ಲಿ ಇಲ್ಲದ ದುಡ್ಡು ವಾಪಸ್ ಕೇಳೋಕೆ ಬಾಯೇ ಇರಲ್ಲ.

ಖರ್ಚು ಮತ್ತೆ ರಿಜಿಸ್ಟ್ರೇಷನ್ ದಿನ

ಶುಲ್ಕದ ಲೆಕ್ಕ ಮಾತಾಡಿದ ಬೆಲೆ ಮತ್ತೆ ಸರ್ಕಾರದ ಮಾರ್ಗಸೂಚಿ ದರ ಎರಡರಲ್ಲಿ ಯಾವುದು ಜಾಸ್ತಿಯೋ ಅದ್ರ ಮೇಲೆ. ಮುದ್ರಾಂಕ ಶುಲ್ಕ ಶೇ 5, ಆ ಶುಲ್ಕದ ಮೇಲೆ ಶೇ 10 ಸೆಸ್, ಸಿಟಿಯಲ್ಲಿ ಶೇ 2, ಹಳ್ಳಿಯಲ್ಲಿ ಶೇ 3 ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ವಿನೋಬನಗರದಲ್ಲಿ 40 ಲಕ್ಷದ ಮನೆ ಅಂದ್ಕೊಳ್ಳಿ, ಮುದ್ರಾಂಕ 2,00,000, ಸೆಸ್ 20,000, ಸರ್‌ಚಾರ್ಜ್ 4,000, ನೋಂದಣಿ 80,000, ಒಟ್ಟು 3,04,000 ರೂಪಾಯಿ. ಕಮ್ಮಿ ದರ ಅಂತ ಪೇಪರಲ್ಲಿ ಬಂದಿದ್ದು 45 ಲಕ್ಷದೊಳಗಿನ ಹೊಸ ಫ್ಲ್ಯಾಟಿನ ಮೊದಲ ಮಾರಾಟಕ್ಕೆ, ಬಿಡಿ ಮನೆಗಲ್ಲ. ಈ ಶುಲ್ಕ ಎಲ್ಲಾ ಕೊಳ್ಳೋರೇ ಕೊಡೋದು ವಾಡಿಕೆ.

ಬೆಲೆ 50 ಲಕ್ಷ ಅಥವಾ ಮೇಲಾದ್ರೆ ಕೊಳ್ಳೋರು ಮಾರೋರಿಗೆ ಕೊಡೋ ದುಡ್ಡಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತದ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಬೇಕು, ಹಿಡಿದ ತಿಂಗಳು ಮುಗಿದು 30 ದಿನದೊಳಗೆ. ಮಾರೋರು ಎನ್‌ಆರ್‌ಐ ಆದ್ರೆ ದರ ಬೇರೆ, ತುಂಬ ಜಾಸ್ತಿ, 50 ಲಕ್ಷದ ಮಿತಿನೂ ಇಲ್ಲ. ವಿದೇಶದಲ್ಲಿರೋ ಮಕ್ಕಳು ಊರ ಮನೆ ಮಾರೋದು ಈಗ ಜಾಸ್ತಿಯಾಗಿರೋದ್ರಿಂದ ಆಡಿಟರನ್ನ ಕೇಳ್ದೆ ದುಡ್ಡು ಕಳಿಸ್ಬೇಡಿ.

ಕಾವೇರಿ 2.0ರಲ್ಲಿ ಮೊದಲು ಕರಡು ಅಪ್ಲೋಡ್, ಸಬ್ ರಿಜಿಸ್ಟ್ರಾರ್ ನೋಡಿ ಒಪ್ಪಿದ್ಮೇಲೆ ಆನ್‌ಲೈನಲ್ಲಿ ಶುಲ್ಕ, ಆಮೇಲೆ ಸ್ಲಾಟ್. ಜಿಲ್ಲೆಯೊಳಗೆ ಯಾವ ಸಬ್ ರಿಜಿಸ್ಟ್ರಾರ್ ಆಫೀಸಲ್ಲಾದ್ರೂ ಆಗುತ್ತೆ, ಹೊಸನಗರದ ಮನೆನ ಶಿವಮೊಗ್ಗದಲ್ಲೇ ಮಾಡ್ಸ್ಬೋದು. ಆ ದಿನ ಹೋಗೋ ಮುಂಚೆ, ಅದೇ ಬೆಳಿಗ್ಗೆ ಇನ್ನೊಂದು ಸಲ ಇಸಿ ತೆಗೆದು ನೋಡಿ. ಕರಡನ್ನ ಪತ್ರ ಬರಹಗಾರರು ಟೈಪ್ ಮಾಡಿದ್ಮೇಲೆ ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ, ಹೆಸರಿನ ಇನಿಷಿಯಲ್ ಜೋರಾಗಿ ಓದಿಸಿ, ಒಂದು ಅಂಕಿ ತಪ್ಪಿದ್ರೂ ತಿದ್ದುಪಡಿ ಪತ್ರಕ್ಕೆ ಮತ್ತೆ ಮಾರೋರನ್ನ ಕರ್ಕೊಂಡು ಬರ್ಬೇಕು, ದುಡ್ಡು ಕೈಸೇರಿದ್ಮೇಲೆ ಅವ್ರು ಫೋನ್ ಎತ್ತೋದು ಕಷ್ಟ. ಸಹಿ ಹಾಕಿದ ಪತ್ರನ ನಾಲ್ಕು ತಿಂಗಳೊಳಗೆ ನೋಂದಣಿಗೆ ಕೊಡ್ಬೇಕು ಅನ್ನೋದೂ ನೆನಪಿರ್ಲಿ.

ರಿಜಿಸ್ಟರ್ ಆದ್ರೆ ಮುಗೀತು ಅಂತ ಬಹಳ ಜನ ಕಾಗದ ಬೀರುವಲ್ಲಿಟ್ಟು ಸುಮ್ನಾಗ್ತಾರೆ. ಪಹಣಿ ಇರೋ ಜಾಗಕ್ಕೆ ಮಾಹಿತಿ ತಾನಾಗೇ ಪಹಣಿ ಇಡೋ ಭೂಮಿ ತಂತ್ರಾಂಶಕ್ಕೆ ಹೋಗಿ ಮ್ಯುಟೇಷನ್ (ಹೆಸರು ಬದಲಾವಣೆ) ಶುರುವಾಗುತ್ತೆ, ಆದ್ರೂ ಹೊಸ ಪಹಣಿ ಕೈಗೆ ಬರೋವರೆಗೆ ಬೆನ್ನು ಹತ್ತಿ. ಪಾಲಿಕೆ, ಪಂಚಾಯ್ತಿಯಲ್ಲಿ ಖಾತೆ ಬದಲಾವಣೆ, ಮೆಸ್ಕಾಂ ಮೀಟರ್, ನಲ್ಲಿ ಕನೆಕ್ಷನ್ ಎಲ್ಲಾ ಹೆಸರಿಗೆ ಮಾಡ್ಸ್ಕೊಳ್ಳಿ.

ಮಾರೋರು ನೋಡ್ಬೇಕಾಗಿದ್ದು

ಮಾರೋರೂ ಮನೆಯ ಕಾಗದದಲ್ಲಿ ಇರೋ ತೊಡಕು ಮುಚ್ಚಿಡೋ ಹಂಗಿಲ್ಲ, ಗೊತ್ತಿದ್ದೂ ಹೇಳ್ದೆ ಇದ್ರೆ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 55ರಡಿ ಆಮೇಲೆ ನಿಮ್ಮ ಮೇಲೇ ಬರುತ್ತೆ. ಒರಿಜಿನಲ್ ಪತ್ರಗಳನ್ನ ಬ್ರೋಕರ್ ಕೈಗೆ ಕೊಡ್ಬೇಡಿ, ಜೆರಾಕ್ಸ್ ಸಾಕು. ಕೊನೇ ಕಂತು ಡಿಡಿ ಅಥವಾ ಅಕೌಂಟಿಗೆ ಬಂದಿದ್ದು ಖಾತ್ರಿಯಾಗದೆ ಹೆಬ್ಬೆಟ್ಟು ಒತ್ಬೇಡಿ.

ತೆರಿಗೆ ವಿಷಯದಲ್ಲಿ ಮನೆ ನಿಮ್ಮ ಹತ್ರ 24 ತಿಂಗಳಿಗಿಂತ ಜಾಸ್ತಿ ಇದ್ರೆ ಲಾಭಕ್ಕೆ ಶೇ 12.5, ಅಥವಾ 2024ರ ಜುಲೈ 23ಕ್ಕಿಂತ ಮುಂಚೆ ತಗೊಂಡಿದ್ರೆ ಹಣದುಬ್ಬರ ಕಳೆದು ಶೇ 20, ಯಾವುದು ಕಮ್ಮಿಯೋ ಅದನ್ನ ಭಾರತದಲ್ಲೇ ಇರೋ ವ್ಯಕ್ತಿಗಳು ಆರಿಸ್ಕೋಬೋದು. ಅಜ್ಜನ ಕಾಲದ ಮನೆಗೆ ಕೊಂಡ ಬೆಲೆ ಎಲ್ಲಿಂದ ತರೋದು ಅಂತ ಚಿಂತೆ ಬೇಡ, 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆನ ಲೆಕ್ಕಕ್ಕೆ ಹಿಡೀಬೋದು, ಒಬ್ಬ ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡ್ಸಿಟ್ಕೊಳ್ಳಿ. ಪೇಟೆಯಿಂದ ದೂರದ ಹಳ್ಳಿ ತೋಟ ಮಾರಿದ ದುಡ್ಡಿಗೆ ಈ ತೆರಿಗೆ ಇಲ್ಲ, ಆದ್ರೆ ಅದೇ ತೋಟದೊಳಗಿನ ಮನೆಗೆ ಇದೆ, ಅದಕ್ಕೇ ಕ್ರಯಪತ್ರದಲ್ಲಿ ತೋಟದ ಬೆಲೆ, ಮನೆಯ ಬೆಲೆ ಬೇರೆ ಬೇರೆ ಬರೆಸೋದು ವಾಸಿ. ಲಾಭದ ದುಡ್ಡಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ತಗೊಂಡ್ರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದ್ರೆ ವಿನಾಯ್ತಿ ಸಿಗುತ್ತೆ, ಅಷ್ಟರಲ್ಲಿ ರಿಟರ್ನ್ಸ್ ಸಲ್ಲಿಸೋ ಗಡುವು ಬಂದ್ರೆ ದುಡ್ಡನ್ನ ಸೇವಿಂಗ್ಸ್ ಅಕೌಂಟಲ್ಲಿ ಬಿಡ್ದೆ ಬ್ಯಾಂಕಲ್ಲಿ ಕ್ಯಾಪಿಟಲ್ ಗೇನ್ಸ್ ಅಕೌಂಟ್ ಅಂತಲೇ ಕೇಳಿ ತೆರೆದು ಅದ್ರಲ್ಲಿ ಹಾಕಿಡಿ.